ಧೂಮಪಾನತ್ಯಾಗ: ಸಂಕಲ್ಪವೂ ಆಸರೆಯೂ

‘ವ್ಯಸನ’ ಎಂಬ ಶಬ್ದಕ್ಕೆ ನಿಘಂಟುಕಾರರು ಮುಖ್ಯವಾಗಿ ಎರಡು ಅರ್ಥಗಳನ್ನು ಹೇಳಿದ್ದಾರೆ. ವಿಪತ್ತು ಅಥವಾ ದುಃಖ ಎಂಬುದು ಒಂದು. ಬಿಡಲಾಗದ ಕೆಟ್ಟ ರೂಢಿ ಎಂಬುದು ಮತ್ತೊಂದು. ಕನ್ನಡದಲ್ಲಿಯೂ ಈ ಎರಡು ಅರ್ಥಗಳು ಇಂದಿಗೂ ಬಳಕೆಯಲ್ಲಿವೆ. ‘ವ್ಯಸನಪಟ್ಟನು’ ಎಂದರೆ ದುಃಖಿಸಿದನೆಂದೂ ‘ವ್ಯಸನಿ’ ಎಂದರೆ ಚಟಕ್ಕೆ ಬಿದ್ದವನೆಂದೂ ತಿಳಿಯುತ್ತೇವೆ. ಒಂದೇ ಶಬ್ದವು ಈ ಎರಡರ್ಥಗಳನ್ನು ಹೊತ್ತು ಬಂದಿರುವುದು ಆಕಸ್ಮಿಕವಲ್ಲವೆಂದೇ ನನ್ನ ಎಣಿಕೆ. ಚಟಕ್ಕೆ ಬಿದ್ದವನು ವಿಪತ್ತಿಗೆ ಸಿಲುಕಿದವನೂ ಹೌದೆಂಬ ವಿವೇಕ ಆ ಶಬ್ದದಲ್ಲಿಯೇ ಅಡಗಿದೆ. ಆದರೆ ಲೋಕವ್ಯವಹಾರದಲ್ಲಿ ನಾವು ಆ ಮೊದಲ ಅರ್ಥವನ್ನು ಮರೆತು ಎರಡನೆಯದನ್ನೇ ಹಿಡಿದುಕೊಂಡಿದ್ದೇವೆ. ವಿಪತ್ತಿನಲ್ಲಿರುವವನಿಗೆ ಕೈನೀಡುವ ಬದಲು ಬೆರಳೆತ್ತಿ ತೋರಿಸುತ್ತೇವೆ.

ಬೀಡಿ ಸಿಗರೇಟುಗಳ ಚಟವನ್ನು ಬಿಡಬೇಕೆಂದು ಹೆಣಗುವವರ ವಿಷಯದಲ್ಲಿ ಈ ಮರೆವು ದೊಡ್ಡ ಅನ್ಯಾಯವನ್ನೇ ಮಾಡುತ್ತಿದೆ. ಧೂಮಪಾನ ಕೆಟ್ಟದ್ದೆಂದು ಉಪದೇಶಿಸುವವರು ನಮ್ಮಲ್ಲಿ ಹೇರಳವಾಗಿದ್ದಾರೆ. ಅದನ್ನು ಬಿಡುವ ಬಗೆ ಯಾವುದು, ಬಿಡುವವನಿಗೆ ಯಾವ ನೆರವುಂಟು, ಎಂಬುದನ್ನು ತಿಳಿಸುವವರು ವಿರಳ. ಸಂಕಲ್ಪವೊಂದಿದ್ದರೆ ಸಾಕು, ಚಟ ತಾನಾಗಿಯೇ ತೊಲಗುವುದೆಂಬುದು ಬಹುಜನರ ನಂಬಿಕೆ. ಸಂಕಲ್ಪ ಬೇಕು, ಆದರೆ ಸಂಕಲ್ಪಕ್ಕೆ ಆಸರೆಯೂ ಬೇಕು, ಆ ಆಸರೆಯನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ ಎಂಬುದೇ ಈ ಲೇಖನದಲ್ಲಿ ನಾನು ನಿವೇದಿಸಬೇಕೆಂದಿರುವ ಮಾತು.

ಬೇಟೆ, ಜೂಜು, ಮದ್ಯಪಾನ ಮೊದಲಾದವುಗಳನ್ನೆಣಿಸಿ ಸಪ್ತವ್ಯಸನಗಳೆಂದು ಕರೆದ ನಮ್ಮ ಪ್ರಾಚೀನರು ತಂಬಾಕಿನ ಹೆಸರನ್ನೇ ಎತ್ತಿಲ್ಲ. ಎತ್ತುವುದು ಸಾಧ್ಯವೂ ಇರಲಿಲ್ಲ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದಿತು. ಅದರ ಭಾರತದ ಚರಿತ್ರೆಯ ಮೊದಲ ಪುಟಗಳಲ್ಲಿ ನಮ್ಮ ವಿಜಾಪುರದ ಹೆಸರೇ ಇದೆಯೆಂಬುದು ಬಹುಮಂದಿಗೆ ತಿಳಿಯದು. 1604ರ ಸುಮಾರಿನಲ್ಲಿ ಅಕ್ಬರನ ರಾಯಭಾರಿಯಾಗಿ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗನು ವಿಜಾಪುರದಲ್ಲಿ ತಂಬಾಕನ್ನು ಮೊತ್ತಮೊದಲು ಕಂಡು, ಅದನ್ನು ಅಂದವಾದ ಕೊಳವೆಯೊಡನೆ ಬಾದಶಹನಿಗೆ ಕಾಣಿಕೆಯಾಗಿ ಕೊಂಡೊಯ್ದನು. ಅರಿಯದ ವಸ್ತುವನ್ನು ಸೇವಿಸಬಾರದೆಂದು ಆಸ್ಥಾನದ ವೈದ್ಯನು ತಡೆದನೆಂದೂ ಆತನೇ ಬರೆದಿದ್ದಾನೆ. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ವೈದ್ಯನ ಎಚ್ಚರಿಕೆಯೂ ಅರಸನ ಆಜ್ಞೆಯೂ ಆ ಕಾಲದಲ್ಲಿಯೇ ಮೊದಲಾದರೂ ಚಟ ಮಾತ್ರ ಬೆಳೆಯುತ್ತಲೇ ಹೋಯಿತು. ಬರಿಯ ಎಚ್ಚರಿಕೆ, ಬರಿಯ ಆಜ್ಞೆ ಇವು ಎಷ್ಟು ದುರ್ಬಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇಂದು ನಿಪ್ಪಾಣಿಯ ಸೀಮೆಯಲ್ಲಿ ಬೀಡಿ ತಂಬಾಕು, ಹುಣಸೂರು ಪಿರಿಯಾಪಟ್ಟಣಗಳ ಸೀಮೆಯಲ್ಲಿ ಸಿಗರೇಟು ತಂಬಾಕು ಬೆಳೆಯುತ್ತದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 28.6ರಷ್ಟು ಜನರೂ ಕರ್ನಾಟಕದಲ್ಲಿ ಶೇಕಡ 22.8ರಷ್ಟು ಜನರೂ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಸೇವಿಸುತ್ತಿದ್ದರು. ಅದೇ ಸಮೀಕ್ಷೆಯ ಇನ್ನೊಂದು ಅಂಶ ಹೆಚ್ಚು ಮನನೀಯವಾದುದು. ಸೇದುವವರಲ್ಲಿ ಶೇಕಡ 55.4ರಷ್ಟು ಜನ ಅದನ್ನು ಬಿಡಬೇಕೆಂದು ಯೋಚಿಸುತ್ತಿದ್ದರು. ಎಂದರೆ ನಾವು ನಿಂದಿಸುವ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮ ಮಾತನ್ನು ಆಗಲೇ ಒಪ್ಪಿದವರು. ಅವರಿಗೆ ಬೇಕಾದುದು ಮತ್ತೊಂದು ಉಪದೇಶವಲ್ಲ, ದಾರಿ.

ಇಲ್ಲಿ ಕೆಲವು ವಿದ್ಯಾವಂತರು ಎತ್ತುವ ಒಂದು ಕುತರ್ಕಕ್ಕೆ ಸಮಾಧಾನ ಹೇಳಬೇಕಾಗಿದೆ. ಚರಕಸಂಹಿತೆಯಲ್ಲಿಯೇ ಧೂಮಪಾನದ ವಿಧಾನ ಇದೆಯಲ್ಲವೆ ಎಂದು ಅವರು ಕೇಳುವುದುಂಟು. ಇರುವುದು ನಿಜ. ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಸುಗಂಧದ್ರವ್ಯಗಳನ್ನೂ ಔಷಧಿಗಳನ್ನೂ ಅರೆದು ಮಾಡಿದ ಬತ್ತಿಯ ಹೊಗೆಯನ್ನು ನಿಯತಕಾಲದಲ್ಲಿ, ನಿಯತಪ್ರಮಾಣದಲ್ಲಿ ಸೇವಿಸುವ ಕ್ರಮವನ್ನು ಹೇಳಲಾಗಿದೆ. ಅಲ್ಲಿ ತಂಬಾಕಿಲ್ಲ; ಸಂಹಿತಾಕಾರರು ಅದನ್ನು ಕಂಡವರೇ ಅಲ್ಲ. ಅಲ್ಲದೆ ಅಕಾಲದಲ್ಲಿ, ಅತಿಯಾಗಿ ಹೊಗೆ ಕುಡಿದರೆ ಕಿವುಡು, ಕುರುಡು, ತಲೆಸುತ್ತು, ರಕ್ತಸ್ರಾವ ಮೊದಲಾದ ಉಪದ್ರವಗಳು ಉಂಟಾಗುವುವೆಂದು ಅಲ್ಲಿಯೇ ಎಚ್ಚರಿಸಿದೆ. ದಿನಕ್ಕೆರಡು ಕಟ್ಟು ಬೀಡಿ ಸುಡುವವನು ಚರಕನನ್ನು ಸಾಕ್ಷಿಗೆ ಕರೆಯುವುದು ಸಲ್ಲದು.

ಹಾಗೆಯೇ ಬೀಡಿಯು ಎಲೆಯಲ್ಲಿ ಸುತ್ತಿದ ಸಾಧುವಸ್ತು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬುದೂ ಭ್ರಮೆಯೇ. ಬೀಡಿಯ ಎಲೆಯೊಳಗೆ ಗಾಳಿಯಾಡುವುದು ಕಡಿಮೆ; ಅದು ಆರದಂತೆ ಮತ್ತೆ ಮತ್ತೆ, ಬಲವಾಗಿ ಎಳೆಯಬೇಕಾಗುತ್ತದೆ. ಆದ್ದರಿಂದ ಡಾಂಬರಿನಂಥ ಕಿಟ್ಟವೂ ವಿಷವಾಯುವೂ ಶ್ವಾಸಕೋಶಕ್ಕೆ ಹೆಚ್ಚಾಗಿಯೇ ಇಳಿಯುತ್ತವೆ.

ಬಿಟ್ಟರೆ ಫಲವೇನು? ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷಗಳ ಕಾಲ ಅನುಸರಿಸಿ ರಿಚರ್ಡ್ ಡಾಲ್ ಮೊದಲಾದ ವಿಜ್ಞಾನಿಗಳು ನಡೆಸಿದ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಕೊನೆಯವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 60ನೆಯ ವಯಸ್ಸಿನಲ್ಲಿ ಬಿಟ್ಟವರು ಸುಮಾರು 3 ವರ್ಷಗಳ ಆಯುಸ್ಸನ್ನೂ 50ರಲ್ಲಿ ಬಿಟ್ಟವರು 6 ವರ್ಷಗಳನ್ನೂ 40ರಲ್ಲಿ ಬಿಟ್ಟವರು 9 ವರ್ಷಗಳನ್ನೂ ಮರಳಿ ಪಡೆದಿದ್ದರು. 30ರಲ್ಲಿ ಬಿಟ್ಟವರು ಬಹುಮಟ್ಟಿಗೆ ಎಲ್ಲವನ್ನೂ ಪಡೆದಿದ್ದರು. ‘ಇಷ್ಟು ವರ್ಷ ಸೇದಿದ್ದಾಯಿತು, ಇನ್ನು ಬಿಟ್ಟು ಬರುವ ಭಾಗ್ಯವೇನು’ ಎಂದು ಕೈಚೆಲ್ಲುವ ಹಿರಿಯರು ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟು ಲಾಭವಿದ್ದರೂ ಬಿಡುವುದು ಏಕೆ ಕಷ್ಟ? ಹೊಗೆ ಬಿಡುವುದಕ್ಕೂ ಹೊಗೆಯನ್ನು ಬಿಡುವುದಕ್ಕೂ ವ್ಯಾಕರಣದಲ್ಲಿ ಒಂದು ವಿಭಕ್ತಿಪ್ರತ್ಯಯದ ಅಂತರ. ಆದರೆ ದೇಹದಲ್ಲಿ ಆ ಅಂತರ ಬಹು ದೊಡ್ಡದು. ಎಳೆದ ಹೊಗೆಯಲ್ಲಿರುವ ನಿಕೋಟಿನ್ ಎಂಬ ದ್ರವ್ಯ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟಿ ಅಲ್ಲಿ ಒಂದು ಬಗೆಯ ತೃಪ್ತಿಯನ್ನು ಹುಟ್ಟಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಅಂಶ ಅರ್ಧಕ್ಕಿಳಿಯುತ್ತದೆ. ಮಿದುಳು ಮತ್ತೆ ಬೇಡುತ್ತದೆ. ವರ್ಷಾನುಗಟ್ಟಲೆ ಹೀಗೆ ಉಂಡು ಬೆಳೆದ ಮಿದುಳಿಗೆ ಒಂದು ದಿನ ಇದ್ದಕ್ಕಿದ್ದಂತೆ ಉಪವಾಸ ಬಿದ್ದರೆ ಸಿಡುಕು, ತಳಮಳ, ನಿದ್ರಾಭಂಗ, ಏಕಾಗ್ರತೆಯ ಕೊರತೆ, ಅತಿಯಾದ ಹಸಿವು ಇವೆಲ್ಲ ಮೇಲೇಳುತ್ತವೆ. ಈ ಬಾಧೆ ಮೊದಲ ವಾರದಲ್ಲಿ ತೀವ್ರವಾಗಿದ್ದು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತದೆ. ಹೆಂಡತಿ ಮಕ್ಕಳ ಮೇಲೆ ರೇಗಿದವನನ್ನು ಕಂಡು ‘ಈತ ಸೇದುತ್ತಿದ್ದಾಗಲೇ ಚೆನ್ನಾಗಿದ್ದ’ ಎಂದು ಮನೆಯವರು ಹೇಳುವುದು ಈ ದಿನಗಳಲ್ಲಿಯೇ. ಅದು ಸ್ವಭಾವದೋಷವಲ್ಲ, ರೋಗಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿಯೂ ತಂಬಾಕಿನ ಅವಲಂಬನೆಗೆ ಸ್ಥಾನವುಂಟು.

ಯಾವ ನೆರವೂ ಇಲ್ಲದೆ ಬಿಡಲು ಯತ್ನಿಸಿದವರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ನಿಂತವರು ನೂರಕ್ಕೆ ಮೂವರಿಂದ ಐವರು ಮಾತ್ರವೆಂದು ಅಧ್ಯಯನಗಳು ತಿಳಿಸುತ್ತವೆ. ಉಳಿದ ತೊಂಬತ್ತೈದು ಜನರೆಲ್ಲರೂ ಹೇಡಿಗಳೆ, ಧೃತಿಹೀನರೆ? ಹೊಲದಲ್ಲಿ ಹಗಲೆಲ್ಲ ದುಡಿಯುವ, ಸಾಲಸೋಲಗಳ ನಡುವೆಯೂ ಮಕ್ಕಳನ್ನು ಓದಿಸುವ ಮನುಷ್ಯನಿಗೆ ಧೃತಿಯಿಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ಕಾಲು ಮುರಿದವನು ಊರುಗೋಲು ಹಿಡಿದರೆ ಆತನ ಮನೋಬಲವನ್ನು ನಾವು ಶಂಕಿಸುವುದಿಲ್ಲ. ಚಟ ಬಿಡುವವನು ಔಷಧಿ ಹಿಡಿದರೆ ಮಾತ್ರ ಶಂಕಿಸುತ್ತೇವೆ.

ಆ ಔಷಧಿಗಳಾದರೂ ಯಾವುವು? ಮೊದಲನೆಯದು, ಹೊಗೆಯಿಲ್ಲದೆ ನಿಕೋಟಿನ್ನನ್ನು ಮಾತ್ರ ಅಲ್ಪಪ್ರಮಾಣದಲ್ಲಿ ಒದಗಿಸಿ ಕ್ರಮೇಣ ಇಳಿಸುವ ಚಿಕಿತ್ಸೆ. ಚರ್ಮಕ್ಕೆ ಅಂಟಿಸುವ ಪಟ್ಟಿ, ಅಗಿಯುವ ಗಮ್, ಚೀಪುವ ಗುಳಿಗೆ ಎಂಬ ರೂಪಗಳಲ್ಲಿ ಇದು ದೊರೆಯುತ್ತದೆ. 2 ಮಿಲಿಗ್ರಾಂ ಗಮ್ ನಮ್ಮ ದೇಶದ ಔಷಧದ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಸಿಗುತ್ತದೆ. ಆದರೆ ಬಳಸುವ ಕ್ರಮವನ್ನು ಅರಿತಿರಬೇಕು. ಎಲೆ ಅಡಿಕೆಯಂತೆ ಒಂದೇ ಸಮನೆ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರುತ್ತವೆ, ಫಲವೂ ಸಿಗದು. ನಿಧಾನವಾಗಿ ಅಗಿದು, ಬಾಯಲ್ಲಿ ಖಾರ ಅಥವಾ ಚುಮುಚುಮು ಎನಿಸಿದೊಡನೆ ನಿಲ್ಲಿಸಿ, ಒಸಡಿಗೂ ಕೆನ್ನೆಗೂ ನಡುವೆ ಇರಿಸಿಕೊಳ್ಳಬೇಕು. ಆ ರುಚಿ ಮಾಸಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಅದಕ್ಕೆ ಸ್ವಲ್ಪ ಮೊದಲು ಕಾಫಿಯನ್ನಾಗಲಿ ಹುಳಿಯಾದ ಪಾನೀಯವನ್ನಾಗಲಿ ಕುಡಿಯಬಾರದು. ಗಮ್ ಕೆಲಸಕ್ಕೆ ಬಾರದೆಂದು ಎಸೆದವರಲ್ಲಿ ಅನೇಕರು ಈ ಕ್ರಮವನ್ನರಿಯದವರೇ ಇರಬೇಕು.

ಒಗ್ಗಿಹೋದ ಅಹಿತವನ್ನು ಪಾಲುಪಾಲಾಗಿ ಕಡಿಮೆ ಮಾಡುತ್ತ, ಹಿತವಾದುದನ್ನು ಅದರ ಸ್ಥಾನದಲ್ಲಿ ರೂಢಿಸಿಕೊಳ್ಳಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನ ಏಳನೆಯ ಅಧ್ಯಾಯದಲ್ಲಿ ಹೇಳುತ್ತದೆ. ನಿಕೋಟಿನ್ ಚಿಕಿತ್ಸೆಯ ತತ್ತ್ವವೂ ಇದಕ್ಕೆ ಹತ್ತಿರವಾದುದೇ. ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. ದಿನಕ್ಕೊಂದು ಬೀಡಿ ಕಡಿಮೆ ಮಾಡುತ್ತೇನೆಂದು ಹೊರಟವನು ಬಹುಸಲ ದಾರಿಯಲ್ಲಿಯೇ ನಿಂತುಬಿಡುತ್ತಾನೆ. ಆದುದರಿಂದ ಒಂದು ದಿನವನ್ನು ಗೊತ್ತುಪಡಿಸಿಕೊಂಡು ಹೊಗೆಯನ್ನು ಅಂದು ಪೂರ್ತಿಯಾಗಿ ಬಿಡುವುದು ಮೇಲು. ಕ್ರಮವಾಗಿ ಇಳಿಸಬೇಕಾದುದು ಔಷಧಿಯ ಪ್ರಮಾಣವನ್ನು. ಇದು ಸಾಮಾನ್ಯವಾಗಿ ಎರಡು ಮೂರು ತಿಂಗಳ ಕೆಲಸ.

ಎರಡನೆಯದು, ಬುಪ್ರೊಪಿಯಾನ್ ಮತ್ತು ವರೆನಿಕ್ಲಿನ್ ಎಂಬ ಗುಳಿಗೆಗಳು. ಇವುಗಳಲ್ಲಿ ನಿಕೋಟಿನ್ ಇಲ್ಲ. ಮಿದುಳಿನ ಬೇಡಿಕೆಯನ್ನು ತಗ್ಗಿಸುವುದು ಇವುಗಳ ಕೆಲಸ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಆರಂಭಿಸಬೇಕಾದ ಇವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಕೂಡದು. ಮೂರ್ಛೆರೋಗವುಳ್ಳವರಿಗೆ ಬುಪ್ರೊಪಿಯಾನ್ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು ನಿಕೋಟಿನ್ ಚಿಕಿತ್ಸೆಯನ್ನು 2009ರಲ್ಲಿಯೂ ಈ ಎರಡು ಗುಳಿಗೆಗಳನ್ನು 2021ರಲ್ಲಿಯೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಅಂಥದೇ ಪಟ್ಟಿಗೆ ನಿಕೋಟಿನ್ ಚಿಕಿತ್ಸೆ 2022ರಲ್ಲಿ ಸೇರಿತು.

ಒಂದು ಚಟವನ್ನು ಬಿಡಿಸಲು ಇನ್ನೊಂದನ್ನು ಹಚ್ಚಿದಂತಾಗಲಿಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದು. ಸೇದುವವನನ್ನು ಕಟ್ಟಿಹಾಕುವುದು ನಿಕೋಟಿನ್ ಆದರೆ, ಆತನನ್ನು ಕೊಲ್ಲುವುದು ಮುಖ್ಯವಾಗಿ ಹೊಗೆ. ಅದರಲ್ಲಿರುವ ಕಿಟ್ಟ, ಇಂಗಾಲದ ವಿಷವಾಯು ಮತ್ತು ಕ್ಯಾನ್ಸರ್ ಹುಟ್ಟಿಸುವ ಹತ್ತಾರು ದ್ರವ್ಯಗಳು. ಪಟ್ಟಿಯಲ್ಲಾಗಲಿ ಗಮ್‌ನಲ್ಲಾಗಲಿ ಇವು ಯಾವುವೂ ಇಲ್ಲ. ಅಲ್ಲಿ ನಿಕೋಟಿನ್ ನಿಧಾನವಾಗಿ ಸೇರುವುದರಿಂದ ಚಟವಾಗುವ ಸಂಭವವೂ ಬಹಳ ಕಡಿಮೆ. ಗರ್ಭಿಣಿಯರು ಮತ್ತು ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇ-ಸಿಗರೇಟನ್ನು ಈ ಚಿಕಿತ್ಸೆಯ ಸಾಲಿಗೆ ಸೇರಿಸಬಾರದು. ಅದರ ಮಾರಾಟವನ್ನು ನಮ್ಮ ದೇಶದಲ್ಲಿ 2019ರಲ್ಲಿಯೇ ನಿಷೇಧಿಸಲಾಗಿದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹಿರಿದಾದುದು, ಮಾತಿನ ನೆರವು. ಊಟವಾದ ಮೇಲೆ, ಚಹಾ ಕುಡಿದ ಮೇಲೆ, ಹೊಲದ ಬದುವಿನಲ್ಲಿ ಗೆಳೆಯರೊಡನೆ ಕುಳಿತಾಗ, ಮನೆಯಲ್ಲಿ ಜಗಳವಾದಾಗ, ಹೀಗೆ ಸೇದುವ ಹಂಬಲ ಹೊತ್ತು ನೋಡಿ ಬರುತ್ತದೆ. ಒಮ್ಮೆ ಬಂದ ಹಂಬಲದ ಆವೇಗ ಸಾಮಾನ್ಯವಾಗಿ ಕೆಲವು ನಿಮಿಷಗಳಷ್ಟೇ ಇರುತ್ತದೆ. ಆ ಕೆಲವು ನಿಮಿಷಗಳನ್ನು ಕಳೆಯುವ ಉಪಾಯವನ್ನು ಮೊದಲೇ ಹೇಳಿಕೊಡುವವರು ಬೇಕು. ನೀರು ಕುಡಿಯುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಬಾಯಿಗೆ ಒಂದೆರಡು ಲವಂಗವನ್ನೋ ಸೋಂಪನ್ನೋ ಹಾಕಿಕೊಳ್ಳುವುದು, ಯಾರೊಡನೆಯಾದರೂ ಮಾತಿಗೆ ತೊಡಗುವುದು ಇವೆಲ್ಲ ಅಲ್ಪವೆನಿಸಿದರೂ ಸಮಯಕ್ಕೆ ಆಗುವ ಉಪಾಯಗಳು.

ಇಂಥ ಸಲಹೆಯನ್ನು ಕೊಡುವ ವ್ಯವಸ್ಥೆ ಸರ್ಕಾರದಿಂದಲೇ ಆಗಿದೆ. 2002ರಲ್ಲಿ ದೇಶದ ಕೆಲವು ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ಮೊದಲಾದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಆ ಸಾಲಿನಲ್ಲಿತ್ತು. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ದೂರವಾಣಿಯ ಮೂಲಕ ಸಲಹೆ ಕೊಡುವ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. 2018ರಲ್ಲಿ ಇದು ವಿಸ್ತಾರಗೊಂಡು ನಿಮ್ಹಾನ್ಸ್‌ನಿಂದ ಕನ್ನಡದಲ್ಲಿಯೂ ಸಲಹೆ ದೊರೆಯುವಂತಾಯಿತು. ಅದರ ಸಂಖ್ಯೆ 1800-11-2356. ಕರೆಗೆ ಹಣ ತೆರಬೇಕಾಗಿಲ್ಲ. ಕರೆದವನ ರೂಢಿಯನ್ನು ವಿಚಾರಿಸಿ, ಬಿಡುವ ದಿನವನ್ನು ಆತನೊಡನೆಯೇ ಗೊತ್ತುಮಾಡಿ, ಅನಂತರ ಅವರಾಗಿಯೇ ಕರೆದು ಕ್ಷೇಮ ಕೇಳುವ ಪದ್ಧತಿ ಅಲ್ಲಿದೆ. ವಿಚಿತ್ರವೆಂದರೆ ಈ ಸಂಖ್ಯೆ 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚಾಗುತ್ತಿದೆ. ದಿನವೂ ಕೈಯಲ್ಲಿ ಹಿಡಿದವನು ಅದನ್ನು ಓದುವುದಿಲ್ಲ. ಓದಿ ಹೇಳಬಲ್ಲ ನಾವು ಹೇಳುವುದಿಲ್ಲ.

ನಮ್ಮ ನಾಡಿನಲ್ಲಿ ವ್ಯಸನಮುಕ್ತಿಯ ಮಾತು ಬಂದಾಗ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳನ್ನು ಸ್ಮರಿಸದಿರಲಾಗದು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ಸುತ್ತಿ, ಕಾಳುಕಡಿಯನ್ನಲ್ಲ, ನಿಮ್ಮ ದುಶ್ಚಟಗಳನ್ನು ನನಗೆ ಭಿಕ್ಷೆಯಾಗಿ ಹಾಕಿರೆಂದು ಬೇಡಿದ ಮಹನೀಯರು ಅವರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಜೋಳಿಗೆಯ ಹಿರಿಮೆಯೆಂದರೆ ಅದು ವ್ಯಸನಿಯನ್ನು ಹತ್ತಿರಕ್ಕೆ ಕರೆಯಿತು. ಚಟವನ್ನು ಬೇಡಿತೇ ಹೊರತು ಮನುಷ್ಯನನ್ನು ಹಳಿಯಲಿಲ್ಲ.

ಆದರೆ ಜೋಳಿಗೆಗೆ ಬೀಡಿಯ ಕಟ್ಟನ್ನು ಹಾಕಿ ಮನೆಗೆ ಮರಳಿದವನಿಗೆ ಮೂರನೆಯ ದಿನ ನಿದ್ರೆ ಬಾರದಿದ್ದಾಗ, ಕೈ ನಡುಗಿದಾಗ, ಆತ ಯಾರ ಬಳಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಊರಿನಲ್ಲಿರುವ ನಾವು. ಹಿರಿಯರ ಸಮ್ಮುಖದಲ್ಲಿ ಪ್ರತಿಜ್ಞೆ ಮಾಡಿ, ಕೆಲವು ದಿನಗಳಲ್ಲಿಯೇ ಜಾತ್ರೆಯಲ್ಲೋ ಮದುವೆಯಲ್ಲೋ ಗೆಳೆಯರ ಬಲವಂತಕ್ಕೆ ಒಂದು ಬೀಡಿ ಸೇದಿದವನು ಮುಂದೆ ಮಠದ ಕಡೆಗೆ ಮುಖವನ್ನೇ ತೋರಿಸುವುದಿಲ್ಲ. ವಚನಭಂಗವಾಯಿತೆಂಬ ಲಜ್ಜೆ ಆತನನ್ನು ತಿನ್ನುತ್ತದೆ. ಆ ಲಜ್ಜೆಯನ್ನು ಮರೆಯಲು ಆತ ಮತ್ತಷ್ಟು ಸೇದುತ್ತಾನೆ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಬಾರಿ ಸೋತು ಕಡೆಗೆ ಗೆದ್ದವರೆಂಬುದನ್ನು ಆತನಿಗೆ ಯಾರೂ ಹೇಳಿರುವುದಿಲ್ಲ. ಎಡವಿದವನು ಬಿದ್ದಲ್ಲಿಯೇ ಕೂರಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ. ಪ್ರತಿಜ್ಞೆ ಮಾಡಿಸುವವರು, ಮುರಿದರೆ ಮರುದಿನವೇ ಬಾ, ಮತ್ತೆ ಆರಂಭಿಸೋಣ ಎಂಬ ಮಾತನ್ನೂ ಅದರೊಡನೆಯೇ ಸೇರಿಸಿ ಹೇಳಬೇಕೆಂಬುದು ನನ್ನ ವಿನಯಪೂರ್ವಕ ಸೂಚನೆ.

ಶಾಲೆಗಳ ಹೊಣೆಯೂ ಸಣ್ಣದಲ್ಲ. ಶಾಲೆಯಿಂದ 100 ಗಜಗಳೊಳಗೆ ತಂಬಾಕು ಮಾರಕೂಡದೆಂದು 2003ರ ಕೇಂದ್ರ ಕಾನೂನು ವಿಧಿಸಿತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ತಂಬಾಕು ಕೊಳ್ಳಲು ಇರಬೇಕಾದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಕಾನೂನು ಹೀಗಿರುವಾಗಲೂ ಹತ್ತು ವರ್ಷದ ಹುಡುಗನ ಕೈಗೆ ಚಿಲ್ಲರೆ ಕೊಟ್ಟು ‘ಒಂದು ಕಟ್ಟು ಬೀಡಿ ತಾ’ ಎಂದು ಕಳಿಸುವ ತಂದೆಯರು ನಮ್ಮ ಊರುಗಳಲ್ಲಿ ಇಲ್ಲವೆ? ಪಾಲಕರ ಸಭೆಗಳಲ್ಲಿ ಈ ಮಾತನ್ನು ಮೊದಲು ಎತ್ತಬೇಕು. ಶಾಲೆಯ ಗೋಡೆಯ ಮೇಲೆ ಮೇಲಿನ ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಅಧ್ಯಾಪಕರಲ್ಲಿ ಒಬ್ಬರು ಆರೋಗ್ಯ ಕೇಂದ್ರದ ವೈದ್ಯರಿಂದ ಈ ವಿಷಯವನ್ನು ಅರಿತುಕೊಂಡು, ಬಿಡಬೇಕೆನ್ನುವ ಪಾಲಕರಿಗೂ ಸಹೋದ್ಯೋಗಿಗಳಿಗೂ ಗುಟ್ಟು ಕಾಯ್ದು ಮಾರ್ಗದರ್ಶನ ಮಾಡಬೇಕು. ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ.

ಮನೆಯವರು ಮಾಡಬೇಕಾದುದೂ ಉಂಟು. ಮೊದಲ ತಿಂಗಳು ಆತನ ಸಿಡುಕನ್ನು ಸಹಿಸುವುದು, ಮನೆಯೊಳಗೆ ಅತಿಥಿಗಳಿಗೂ ಸೇದಗೊಡದಿರುವುದು, ಬೀಡಿ ಬೆಂಕಿಪೊಟ್ಟಣಗಳನ್ನು ಕಣ್ಣಿಗೆ ಬೀಳದಂತೆ ತೆಗೆದುಹಾಕುವುದು, ವಾರ ಕಳೆದಾಗ ಒಂದು ಒಳ್ಳೆಯ ಮಾತು ಆಡುವುದು. ಮಕ್ಕಳು ತಂದೆಯನ್ನು ಹಂಗಿಸಬಾರದು. ‘ಅಪ್ಪಾ, ಇಂದಿಗೆ ಎಷ್ಟು ದಿನವಾಯಿತು’ ಎಂದು ಪ್ರೀತಿಯಿಂದ ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಕೊಡುವ ಹಿಗ್ಗಿಗಾಗಿಯೇ ಆತ ಇನ್ನೊಂದು ದಿನವನ್ನು ದಾಟಿಯಾನು.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳ, ಹಳೆಯ ವಿದ್ಯಾರ್ಥಿಗಳ ಮತ್ತು ಪಾಲಕರ ಮನೆಗಳಲ್ಲಿ ಬಿಡಬೇಕೆಂದುಕೊಂಡು ಬಿಡಲಾರದೆ ಒಳಗೊಳಗೇ ನೋಯುವವರು ಇದ್ದೇ ಇರುತ್ತಾರೆ. ಅವರನ್ನು ಕಂಡಾಗ ‘ವ್ಯಸನ’ ಶಬ್ದದ ಮೊದಲ ಅರ್ಥವನ್ನು ನೆನೆಯೋಣ. ಉಪದೇಶವನ್ನು ಚಿಕ್ಕದು ಮಾಡಿ ಉಪಕಾರವನ್ನು ದೊಡ್ಡದು ಮಾಡೋಣ. ಬಿಡುವ ಮನಸ್ಸು ಅವರದಾಗಿರಲಿ, ಬಿಡಿಸಲು ಬೇಕಾದ ಆಸರೆ ನಮ್ಮದಾಗಿರಲಿ ಎಂದು ಹಾರೈಸುತ್ತೇನೆ.